ಪ್ಯಾಂಟೊದಲ್ಲಿ ರಾಜನ ಪಾತ್ರ, ಜೊತೆಗೆ ಹಸುವಿನ ಹಿಂಗಾಲು: ತಯಾರಿ ಹೇಗೆ?

ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಆಡುವ 'ಜ್ಯಾಕ್ ಆ್ಯಂಡ್ ದ ಬೀನ್‌ಸ್ಟಾಕ್' ಪ್ಯಾಂಟೊಮೈಮ್‌ನಲ್ಲಿ ನಿಮಗೆ ರಾಜನ ಪಾತ್ರವೂ, ಒಂದೇ ವೇಷದೊಳಗೆ ಇಬ್ಬರು ಸೇರಿ ಆಡುವ ಹಸುವಿನ ಹಿಂಭಾಗವೂ ಸಿಕ್ಕಿವೆ. ಎರಡರಲ್ಲೂ ಬೆಳೆಸಲು ಏನೂ ಇಲ್ಲ ಅನ್ನಿಸುತ್ತಿದೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಹಸುವಿನಿಂದ ಶುರು ಮಾಡಿ ಅನ್ನುತ್ತೇನೆ. (ಹೆಸರು ಕೇಳಿ ಇದನ್ನು ಮೂಕಾಭಿನಯ ಅಂದುಕೊಳ್ಳುವವರಿದ್ದಾರೆ. ಬ್ರಿಟಿಷ್ ಪ್ಯಾಂಟೊ ಮಾತು, ಹಾಡು, ಪ್ರೇಕ್ಷಕರ ಕೂಗಾಟ ಎಲ್ಲ ತುಂಬಿದ ಆಟ.)

ಬಡತನಕ್ಕೆ ಸೋತು ಜ್ಯಾಕ್ ತನ್ನ ಹಸುವನ್ನು ಮಾರುತ್ತಾನೆ. ಅಷ್ಟು ಹೊತ್ತು ಕೇಕೆ ಹಾಕುತ್ತಿದ್ದ ಮಕ್ಕಳು ಸುಮ್ಮನಾಗುವ ಜಾಗ ಅದು. ಆದರೆ ಮೊದಲ ದೃಶ್ಯದಲ್ಲೇ ಆ ಹಸು ಅವರಿಗೆ ಅಚ್ಚುಮೆಚ್ಚಾಗಿರಬೇಕು, ಇಲ್ಲದಿದ್ದರೆ ಮಾರಾಟ ಬರೀ ವ್ಯಾಪಾರವಾಗಿ ಹೋಗುತ್ತದೆ. ಹಾಗಾಗಿ ಮುಂಗಾಲಿನವರ ಜೊತೆ ಕೂತು ಹಸುವಿಗೆ ಎರಡೇ ಎರಡು ಅಭ್ಯಾಸ ಆರಿಸಿ. ಜ್ಯಾಕ್ ಬಂದ ಕೂಡಲೇ ಮೈ ಉಜ್ಜುವುದು, ಸುಳ್ಳು ಹೇಳುವವರನ್ನು ಕಂಡರೆ ಬಾಲ ಬೀಸುವುದು, ಹೀಗೆ. ಮಾರುವ ದೃಶ್ಯದಲ್ಲಿ ಅದೇ ಮೈ ಉಜ್ಜುವಿಕೆ ನಿಧಾನವಾಗಿ ಇನ್ನೊಂದು ಸಲ ಬಂದರೆ ಸಾಕು, ಬೇರೆ ಅಭಿನಯ ಬೇಡ. ಹೊರಡುವಾಗ ಎರಡು ಹೆಜ್ಜೆ, ನಿಲುಗಡೆ, ತಲೆ ತಿರುಗಿಸಿ ಒಂದು ನೋಟ, ಮತ್ತೆ ಹೆಜ್ಜೆ. ಆ ನಿಲುಗಡೆಯಲ್ಲಿ ನಿಮ್ಮ ಭಾಗ ಕದಲಬಾರದು. ಹಿಂದೆ ಬಾಲ ಕುಣಿದರೆ ಮುಂದಿನ ನೋಟ ಸತ್ತಂತೆ.

ಇನ್ನು ದೇಹದ ಕೆಲಸ. ನಿಮಗೆ ಕಾಣುವುದು ನೆಲ ಮಾತ್ರ. ಕೈಗಳು ಮುಂದಿನವರ ಸೊಂಟದ ಮೇಲೆ ಅಥವಾ ಅವರು ಕಟ್ಟಿದ ಬೆಲ್ಟಿನ ಮೇಲೆ ಇರುತ್ತವೆ. ಬೆನ್ನು ಗೂನು ಮಾಡಬೇಡಿ, ಸೊಂಟದ ಕೀಲಿನಿಂದ ಬಾಗಿ, ಮಂಡಿ ಸ್ವಲ್ಪ ಸಡಿಲವಿರಲಿ. ಗೂನು ಬೆನ್ನಿನಲ್ಲಿ ದಿನಕ್ಕೆ ಎರಡು ಪ್ರದರ್ಶನ ಮಾಡಿದರೆ ಮೊದಲ ವಾರದಲ್ಲೇ ಸೊಂಟ ಹಿಡಿಯುತ್ತದೆ. ತಾಲೀಮಿನ ಮೊದಲ ದಿನ ಎರಡು ನಿಮಿಷ ಬಾಗಿ ನಡೆಯಿರಿ, ಆಮೇಲೆ ದಿನಕ್ಕೆ ಒಂದೊಂದು ನಿಮಿಷ ಏರಿಸಿ.

ನಡಿಗೆ ಕಲಿಯುವಾಗ ಇಬ್ಬರೂ ಒಂದೇ ಕಡೆಯ ಕಾಲನ್ನು ಒಟ್ಟಿಗೆ ಎತ್ತಿ: ಎಡ-ಎಡ, ಬಲ-ಬಲ. ತಾಳ ತಪ್ಪಿದರೆ ನಿಮ್ಮ ಕಾಲ್ಬೆರಳು ಮುಂದಿನವರ ಹಿಮ್ಮಡಿಗೆ ತಾಗುತ್ತದೆ, ಮುಗ್ಗರಿಸುವುದು ಬಹುಪಾಲು ಇಲ್ಲೇ. ಅದು ಕೂಡಿಬಂದ ಮೇಲೆ ನಿಮ್ಮ ಹೆಜ್ಜೆಯನ್ನು ಅವರದಕ್ಕಿಂತ ಅರ್ಧ ಮಾತ್ರೆ ಮೊದಲೇ ಇಡಿ. ನಿಜವಾದ ಹಸುವೂ ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಎಂಬ ಕ್ರಮದಲ್ಲೇ ನಡೆಯುತ್ತದೆ. ಅಷ್ಟರಿಂದಲೇ ಹಸುವೇಷದ ಚರ್ಮದೊಳಗೆ ಇಬ್ಬರು ಮನುಷ್ಯರಿದ್ದಾರೆ ಎಂಬುದು ಮರೆತುಹೋಗುತ್ತದೆ. ಒಳಗೆ ಮಾತಾಡಿದರೆ ಮುಂದಿನ ಸಾಲಿಗೆ ಕೇಳುತ್ತದೆ. ಆದ್ದರಿಂದ ಸನ್ನೆಗಳನ್ನು ಗೊತ್ತು ಮಾಡಿಕೊಳ್ಳಿ: ಸೊಂಟದ ಮೇಲೆ ಒಂದು ತಟ್ಟು ಎಂದರೆ ನಿಲ್ಲು, ಎರಡು ಎಂದರೆ ಕೂರು, ಬಿಡದೆ ತಟ್ಟಿದರೆ ಅಪಾಯ, ಹೊರಗೆ ಹೋಗೋಣ. ಅಲ್ಲಿನ ಹಳೆಯ ರಂಗಮಂದಿರಗಳಲ್ಲಿ ವೇದಿಕೆ ಪ್ರೇಕ್ಷಕರ ಕಡೆಗೆ ಇಳಿಜಾರಾಗಿರುವುದುಂಟು, ಬಾಗಿರುವ ನಿಮ್ಮ ಭಾರ ಮುಂದಿನವರ ಮೇಲೆ ಬೀಳುತ್ತದೆ. ವೇದಿಕೆಗೆ ಹೋದ ಮೊದಲ ದಿನವೇ ಇದನ್ನು ನಡೆದು ನೋಡಿ. ಒಳಗೆ ತೆಳು ಹತ್ತಿ ಬಟ್ಟೆ ಇರಲಿ, ಸೈಡ್‌ವಿಂಗ್‌ಗೆ, ಅಂದರೆ ವೇದಿಕೆಯ ಪಕ್ಕದ ಮರೆಗೆ ಬಂದ ಕೂಡಲೇ ಚರ್ಮ ಬಿಚ್ಚಿ ನೀರು ಕುಡಿಯಿರಿ. ಒಳಗಿನ ಸೆಕೆ ಸಣ್ಣದಲ್ಲ.

ರಾಜನ ವಿಷಯಕ್ಕೆ ಬಂದರೆ, ಸಾಲುಗಳು ಕಡಿಮೆ ಎಂದು ನಗೆಚಟಾಕಿ ಸೇರಿಸಲು ಹೊರಡಬೇಡಿ. ಪ್ಯಾಂಟೊದ ರಾಜ ಹೆಚ್ಚಾಗಿ 'ಫೀಡ್', ಅಂದರೆ ನಗುವಿಗೆ ಎತ್ತಿಕೊಡುವವನು. ನಗು ಹುಟ್ಟಿಸುವುದು ಡೇಮ್, ಅಂದರೆ ಗಂಡಸು ಹೆಣ್ಣುವೇಷದಲ್ಲಿ ಆಡುವ ಜ್ಯಾಕ್‌ನ ತಾಯಿ. ಉದಾಹರಣೆಗೆ ರಾಜ, "ಮೂರು ತಿಂಗಳ ಬಾಡಿಗೆ ಬಾಕಿ ಇದೆ" ಅನ್ನುತ್ತಾನೆ. ಡೇಮ್, "ಮೂರೇ? ನಾನು ಆರು ಅಂದ್ಕೊಂಡು ಅಡಗಿಕೂತಿದ್ನಲ್ಲ!" ಅನ್ನುತ್ತಾಳೆ. ಇಲ್ಲಿ ಸ್ಪಷ್ಟವಾಗಿ ಕೇಳಿಸಬೇಕಾದ ಪದ 'ಮೂರು'. ಅದನ್ನು ನೀವು ನುಂಗಿದರೆ ಡೇಮ್ ಎಷ್ಟು ಚೆನ್ನಾಗಿ ಹೇಳಿದರೂ ನಗು ಬರುವುದಿಲ್ಲ, ತಪ್ಪು ನಿಮ್ಮದೆಂದು ಯಾರಿಗೂ ತಿಳಿಯುವುದೂ ಇಲ್ಲ. ಸ್ಕ್ರಿಪ್ಟಿನಲ್ಲಿ ಇಂಥ ಪ್ರತಿ ಪದಕ್ಕೂ ಗೆರೆ ಎಳೆಯಿರಿ. ಡೇಮ್ ಮಾತಾಡುವಾಗ ಕೈ, ಕಿರೀಟ, ಕಣ್ಣು ಯಾವುದೂ ಅಲ್ಲಾಡಬಾರದು, ಅಲ್ಲಾಡಿದ ಕಡೆಗೆ ಪ್ರೇಕ್ಷಕರ ನೋಟ ಹರಿಯುತ್ತದೆ. ನಗು ಏರಿ, ತುದಿ ಮುಟ್ಟಿ, ಇಳಿಯತೊಡಗಿದಾಗ ಮುಂದಿನ ಸಾಲು ಹೇಳಿ. ಪೂರ್ತಿ ನಿಲ್ಲುವವರೆಗೆ ಕಾದರೆ ದೃಶ್ಯ ತಣ್ಣಗಾಗುತ್ತದೆ.

ಇನ್ನೊಂದು ಮಾತು. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಡೇಮ್ ಗೊಂದಲ ಹುಟ್ಟಿಸಬಹುದು. ಅಲ್ಲಿ ವೇಷಧಾರಿ ಹೆಣ್ಣೆಂದು ನಂಬಿಸುತ್ತಾನೆ. ಇಲ್ಲಿ ಲಂಗದೊಳಗೆ ಗಂಡಸಿದ್ದಾನೆಂದು ಸಭೆಗೆಲ್ಲ ಕಾಣುತ್ತಲೇ ಇರಬೇಕು, ರಾಜನಿಗೊಬ್ಬನಿಗೆ ಕಾಣಬಾರದು. ಅವಳನ್ನು ಮದುವೆಯಾಗಲು ರಾಜ ಒದ್ದಾಡುವಂತೆ ಬರೆದಿದ್ದರೆ ಮನಸಾರೆ ಒದ್ದಾಡಿ. ಪ್ರೇಕ್ಷಕರತ್ತ ಕಣ್ಣು ಮಿಟುಕಿಸಿದಿರೋ ಇಬ್ಬರ ನಗುವೂ ಹೋಯಿತು. ಹಾಗೆಯೇ ದೈತ್ಯ ರಾಜಕುಮಾರಿಯನ್ನು ಹೊತ್ತೊಯ್ದಾಗ ಅಪ್ಪನ ಭಯ ನಿಜವಾಗಿರಲಿ. ಆ ಭಯವೇ ಜ್ಯಾಕ್‌ನನ್ನು ದೈತ್ಯನ ಮನೆಯವರೆಗೆ ಬೆಳೆದ ಮಾಯದ ಬಳ್ಳಿ ಹತ್ತಿಸುತ್ತದೆ.

ಬೆಂಚಿನ ಮೇಲೆ ಕೂತವರ ಬೆನ್ನ ಹಿಂದೆ ದೆವ್ವ ಬಂದಾಗ 'ಹೀ ಈಸ್ ಬಿಹೈಂಡ್ ಯೂ' (ನಿಮ್ಮ ಹಿಂದೆ ಇದ್ದಾನೆ) ಎಂದು ಮಕ್ಕಳು ಕೂಗುವ ದೃಶ್ಯದಲ್ಲಿ ರಾಜನೂ ಇದ್ದರೆ, ಎಲ್ಲರೂ ಯಾವ ಕಡೆಗೆ ತಿರುಗುವುದು ಎಂದು ಮೊದಲೇ ತೀರ್ಮಾನವಾಗಲಿ. ದೆವ್ವ ಅದರ ವಿರುದ್ಧ ದಿಕ್ಕಿಗೆ ಸರಿಯುತ್ತದೆ. ಸಾಮಾನ್ಯ ತಪ್ಪೆಂದರೆ ಕೂಗು ತುಂಬಿಬರುವ ಮೊದಲೇ ತಿರುಗುವುದು. ನೀವು ಮಕ್ಕಳಿಗಿಂತ ಮೊದಲೇ ತಿಳಿದುಕೊಂಡರೆ ಅವರಿಗೆ ಕೂಗಲು ಕಾರಣವೇ ಇಲ್ಲ.

ಪ್ರವೇಶದ ದಿಕ್ಕಿಗೂ ಸಂಪ್ರದಾಯವಿದೆ: ನಟರ ಬಲಗಡೆಯಿಂದ ಒಳ್ಳೆಯ ಯಕ್ಷಿಣಿ, ಎಡಗಡೆಯಿಂದ ಖಳ. ರಾಜನಿಗೆ ಈ ಕಟ್ಟು ಇಲ್ಲ, ಆದರೆ ಖಳ ಬರುವ ಹೊತ್ತಿಗೆ ಎಡ ಸೈಡ್‌ವಿಂಗ್ ಬಾಯಲ್ಲಿ ನಿಂತಿರಬೇಡಿ.

ಎರಡು ಪಾತ್ರವಾದ್ದರಿಂದ ಇಂದೇ ಒಂದು ಹಾಳೆಯಲ್ಲಿ ದೃಶ್ಯವಾರು ಪಟ್ಟಿ ಮಾಡಿ: ಯಾವ ಪಾತ್ರ, ಯಾವ ಕಡೆಯಿಂದ ಒಳಗೆ, ಯಾವ ಕಡೆ ಹೊರಗೆ, ನಡುವೆ ಎಷ್ಟು ಸೆಕೆಂಡು. ಎಡಕ್ಕೆ ಹೊರಟು ಬಲದಿಂದ ಬರಬೇಕಿದ್ದರೆ ಹಿಂಪರದೆಯ ಆಚೆ ಓಡುವ ಹೊತ್ತನ್ನೂ ಸೇರಿಸಿ. ತೊಂಬತ್ತು ಸೆಕೆಂಡಿಗಿಂತ ಕಡಿಮೆ ಇದ್ದರೆ ವೇಷ ಬದಲಿಸಲು ಸಹಾಯಕರು ಬೇಕೆಂದು ಮೊದಲ ವಾರವೇ ಹೇಳಿ, ರಾಜನ ನಿಲುವಂಗಿಗೆ ಗುಂಡಿಯ ಬದಲು ವೆಲ್ಕ್ರೊ ಕೇಳಿ. ತಾಲೀಮು ಸಿಗುವುದೇ ಎರಡು ವಾರದ ಆಸುಪಾಸು, ತಡವಾಗಿ ಕೇಳಿದರೆ ಯಾರಿಗೂ ಕೈ ಬಿಡುವಿರುವುದಿಲ್ಲ.

ಪಟ್ಟಿಯ ಕೊನೆಯ ಸಾಲನ್ನು ವಿಶೇಷವಾಗಿ ನೋಡಿ. ಕೊನೆಯ 'ವಾಕ್‌ಡೌನ್'ನಲ್ಲಿ ಎಲ್ಲ ಪಾತ್ರಗಳೂ ಒಂದೊಂದಾಗಿ ಬಂದು ನಮಸ್ಕರಿಸುತ್ತವೆ, ಮಕ್ಕಳು ಅಲ್ಲಿ ಹಸುವನ್ನು ಕಾದಿರುತ್ತಾರೆ. ನೀವು ರಾಜನಾಗಿ ಬಂದರೆ ಹಿಂಗಾಲಿಗೆ ಆ ಹೊತ್ತಿಗೆ ಯಾರು? ಸಮೂಹ ನಟರಲ್ಲಿ ಒಬ್ಬರಿಗೆ ಆ ನಾಲ್ಕು ಹೆಜ್ಜೆಯನ್ನು, ತಟ್ಟುವ ಸನ್ನೆಗಳನ್ನು ಈಗಲೇ ಕಲಿಸಿಡಿ.