ದೋಣಿ ಹತ್ತಿಸಿ, ಆಮೇಲೆ ಜಗಳ ಹೇಳಿ

ನಮಸ್ಕಾರ.

ನಿಮ್ಮ 'ಬಾಲ್ಯಕ್ಕೆ ಬೀಗ' ಓದಿದೆ. ಈಗಿರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ಆದರೆ 'ವಿಷಾದಿಸುತ್ತೇವೆ' ಎಂದು ಎರಡು ಸಾಲು ಗೀಚಿ ವಾಪಸ್ ಕಳಿಸುವ ಲೇಖನವೂ ಅದಲ್ಲ. ವಿಷಯ ಗಟ್ಟಿಯಾಗಿದೆ. ನಿಮಗೆ ಅದರ ಮೇಲೆ ನಿಜವಾದ ಪ್ರೀತಿಯೂ ಇದೆ. ನೀವು ಒಪ್ಪಿದ್ದರಿಂದ ಈ ಉತ್ತರವನ್ನು ಸಲಹೆಯ ಅಂಕಣದಲ್ಲೇ ಹಾಕುತ್ತಿದ್ದೇನೆ, ಬೇರೆಯವರಿಗೂ ಉಪಯೋಗಕ್ಕೆ ಬರಲಿ.

ಲೇಖನ ಓದದವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 1989ರಲ್ಲಿ ಸ್ಪ್ಲಾಷ್ ಮೌಂಟನ್ ಎಂಬ ನೀರಿನ ರೈಡ್ ಶುರುವಾಯಿತು. 1992ರಲ್ಲಿ ಫ್ಲಾರಿಡಾದಲ್ಲಿರುವ ಡಿಸ್ನಿಯ ಪಾರ್ಕು ಮ್ಯಾಜಿಕ್ ಕಿಂಗ್‌ಡಮ್‌ಗೂ ಬಂತು. 2023ರಲ್ಲಿ ಎರಡನ್ನೂ ಮುಚ್ಚಿದರು. ಮರುವರ್ಷ ಅದೇ ಗುಡ್ಡ, ಅದೇ ಕಾಲುವೆ ಇಟ್ಟುಕೊಂಡು 'ಟಿಯಾನಾಸ್ ಬಾಯೂ ಅಡ್ವೆಂಚರ್' ಎಂದು ಹೊಸ ಹೆಸರಿನಲ್ಲಿ ತೆರೆದರು. ಟಿಯಾನಾ ಅಂದರೆ 2009ರ 'ದಿ ಪ್ರಿನ್ಸೆಸ್ ಅಂಡ್ ದಿ ಫ್ರಾಗ್' ಸಿನಿಮಾದ ನಾಯಕಿ, ಡಿಸ್ನಿಯ ಮೊದಲ ಕಪ್ಪು ರಾಜಕುಮಾರಿ. ಅಂದಿನಿಂದ ಅಭಿಮಾನಿಗಳು ಎರಡು ಬಣವಾಗಿ ಕಿತ್ತಾಡುತ್ತಿದ್ದಾರೆ. ನಮ್ಮ ಲೇಖಕರು ಫ್ಲಾರಿಡಾದಲ್ಲಿದ್ದಾರೆ, ಹಳೇ ರೈಡಿನ ಕಡೆಯವರು. ಸಿನಿಮಾಕ್ಕೋಸ್ಕರ ಹಳೇ ರೈಡುಗಳ ವೇಷ ಬದಲಿಸುವುದೇ ತಪ್ಪು ಅನ್ನುವುದು ಅವರ ವಾದ.

ಈಗ ನಿಮ್ಮ ಹತ್ತಿರ ಮಾತು. ನಿಮ್ಮ ಲೇಖನದ ತುಂಬ ಜಗಳ ಇದೆ, ರೈಡ್ ಮಾತ್ರ ಎಲ್ಲೂ ಇಲ್ಲ. ಆ ರೈಡಿನಲ್ಲಿ ಏನು ಕಾಣಿಸುತ್ತದೆ, ಏನು ಕೇಳಿಸುತ್ತದೆ, ದೋಣಿ ಎಲ್ಲಿ ತಿರುಗುತ್ತದೆ, ಒಂದನ್ನೂ ನೀವು ಹೇಳಿಲ್ಲ. ನಾನು ಆ ದೋಣಿ ಹತ್ತಿದವನಲ್ಲ. ನಮ್ಮ ಓದುಗರಲ್ಲೂ ಬಹಳ ಜನ ಹತ್ತಿರುವುದಿಲ್ಲ. ಅವರಿಗೆ ಗೊತ್ತಿರುವುದು ಬಿಡದಿ ಹತ್ತಿರದ ವಂಡರ್‌ಲಾ. ಅಲ್ಲಿಗೆ ಹೋಗುವುದು ನೀರಿಗೆ, ವೇಗಕ್ಕೆ, ಹೊಟ್ಟೆಯಲ್ಲಿ ಜುಂ ಅನ್ನಿಸಿಕೊಳ್ಳುವುದಕ್ಕೆ. ಒಂದು ರೈಡ್ ಶುರುವಿನಿಂದ ಕೊನೇವರೆಗೂ ಒಂದು ಕಥೆ ಹೇಳುತ್ತದೆ, ಆ ಕಥೆ ಬದಲಾಯಿತು ಅಂತ ದೊಡ್ಡವರು ಅಳುತ್ತಾರೆ ಅಂದರೆ ಅವರಿಗೆ ಅರ್ಥವೇ ಆಗುವುದಿಲ್ಲ. ಅರ್ಥ ಮಾಡಿಸುವುದು ನಿಮ್ಮ ಕೆಲಸ.

ನಿಮ್ಮ ಲೇಖನ ಮುಗಿಸಿದ ಮೇಲೆ ಎರಡೂ ರೈಡುಗಳ ವಿಡಿಯೋ ಹುಡುಕಿ ಪೂರ್ತಿ ನೋಡಿದೆ. ನೋಡಿದಾಗಲೇ ನೀವು ಕೈಬಿಟ್ಟದ್ದು ಎಷ್ಟು ದೊಡ್ಡದು ಅಂತ ಗೊತ್ತಾಯಿತು. ಹಳೇ ರೈಡ್ ಹೀಗಿತ್ತು: ಮರದ ದಿಮ್ಮಿಯ ಆಕಾರದ ದೋಣಿಯಲ್ಲಿ ಕೂರುತ್ತೀರಿ. ಬ್ರೇರ್ ರ್‍ಯಾಬಿಟ್ ಎಂಬ ಮೊಲ ಮುಳ್ಳುಪೊದೆಯ ಮನೆ ಬಿಟ್ಟು ಊರು ಸುತ್ತಲು ಹೊರಟಿದೆ. ನರಿ ಮತ್ತು ಕರಡಿ ಅದರ ಹಿಂದೆ ಬಿದ್ದಿವೆ. ಮೊಲ ಅವೆರಡನ್ನೂ ಏಮಾರಿಸುತ್ತಾ ಹೋಗಿ ಕೊನೆಗೆ ಸಿಕ್ಕಿಬೀಳುತ್ತದೆ. ಅಷ್ಟರಲ್ಲಿ ದೋಣಿ ಕತ್ತಲಲ್ಲಿ ಏರು ಹತ್ತಲು ಶುರುಮಾಡುತ್ತದೆ. ಮೇಲೆ ಕೂತ ಎರಡು ರಣಹದ್ದುಗಳು ನಿಮ್ಮನ್ನೇ ನೋಡಿ ಅಣಕಿಸುತ್ತವೆ. ಕೈಕಾಲು ಕಟ್ಟಿಸಿಕೊಂಡ ಮೊಲ ನರಿಗೆ ಅಂಗಲಾಚುತ್ತದೆ: ಏನಾದರೂ ಮಾಡು, ಆ ಮುಳ್ಳುಪೊದೆಗೆ ಮಾತ್ರ ಎಸೆಯಬೇಡ. ನರಿ ಎಸೆಯುತ್ತದೆ. ಆ ಕ್ಷಣಕ್ಕೆ ಸರಿಯಾಗಿ ನಿಮ್ಮ ದೋಣಿ ಸುಮಾರು 50 ಅಡಿ ಕೆಳಗೆ, ಮುಳ್ಳುಪೊದೆಯ ಒಳಕ್ಕೆ ಬೀಳುತ್ತದೆ. ಮೊಲ ಹುಟ್ಟಿ ಬೆಳೆದದ್ದೇ ಆ ಪೊದೆಯಲ್ಲಿ. ಮನೆ ಸೇರಿತು, ಗೆದ್ದಿತು. ಮುಂದೆ ಹಾಡು, ಕುಣಿತ.

ನೋಡಿ, ಅಲ್ಲಿ ಬೀಳುವುದೇ ಕಥೆ. ಮೊಲಕ್ಕಾದದ್ದು ನಿಮಗೂ ಆಯಿತು. ಹೆದರಿಕೆ, ಬೀಳುವುದು, ಬಚಾವಾಗಿ ನಗುವುದು, ಮೂರೂ ಮೊಲದ ಜೊತೆಗೇ ನಡೆದವು. ಟೋನಿ ಬ್ಯಾಕ್ಸ್‌ಟರ್ ಮತ್ತು ಅವರ ಜೊತೆಯವರು ರೂಪಿಸಿದ ಆ ರೈಡಿನ ಜಾಣತನ ಇರುವುದು ಇಲ್ಲೇ. ಹೊಸದರಲ್ಲಿ ಟಿಯಾನಾ ಹಬ್ಬದ ಕೂಟಕ್ಕೆ ಸಂಗೀತಗಾರರನ್ನು ಹುಡುಕುತ್ತಿದ್ದಾಳೆ. ಜೌಗು ನೀರಿನ ಪ್ರಾಣಿಗಳೇ ವಾದ್ಯದವರು. ದಾರಿಯಲ್ಲಿ ಮಾಮಾ ಓಡಿ ಎಂಬ ಮಂತ್ರಗಾರ್ತಿ ಅಜ್ಜಿ ನಿಮ್ಮನ್ನು ಕಪ್ಪೆಯಷ್ಟು ಚಿಕ್ಕದು ಮಾಡುತ್ತಾಳೆ. ಮತ್ತೆ ಮೊದಲಿನ ಹಾಗೆ ಆಗಬೇಕು, ಅದಕ್ಕೆ ಆ ಜಾರು. ಗೊಂಬೆಗಳು ಅದ್ಭುತವಾಗಿವೆ. ಮುಖದ ಚಲನೆ, ಕೈ ಬೆರಳು, ಹಳೇ ರೈಡಿನ ಗೊಂಬೆಗಳು ಅವುಗಳ ಹತ್ತಿರವೂ ಬರುವುದಿಲ್ಲ. ಕೊನೆಯ ಕೂಟ ಕಣ್ತುಂಬುತ್ತದೆ. ಆದರೆ ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ. ಸಿನಿಮಾದ ಖಳನಾಯಕ ಡಾಕ್ಟರ್ ಫೆಸಿಲಿಯೆ ಇಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಬೀಳುವಾಗ ಯಾವ ಅಪಾಯದಿಂದಲೂ ಪಾರಾದ ಹಾಗೆ ಅನ್ನಿಸುವುದಿಲ್ಲ.

ಇದನ್ನು ನೀವು ಬರೆದಿದ್ದರೆ ನಿಮ್ಮ ವಾದ ಎಷ್ಟು ಗಟ್ಟಿಯಾಗುತ್ತಿತ್ತು! ನೀವು ಬರೆದದ್ದು "ಹಳೆಯದರಲ್ಲಿದ್ದ ಆತ್ಮ ಹೊಸದರಲ್ಲಿಲ್ಲ" ಅಂತ. ಇದನ್ನು ಓದಿದವರಿಗೆ ಏನೂ ಕಾಣಿಸುವುದಿಲ್ಲ. ಆತ್ಮ ಎಲ್ಲಿತ್ತು ಅಂತ ಬೆರಳಿಟ್ಟು ತೋರಿಸಿ.

ಇನ್ನೊಂದು ಮಾತು, ಇದು ಸ್ವಲ್ಪ ಕಟುವಾಗಿಯೇ ಹೇಳಬೇಕಾದದ್ದು. ಹಳೇ ರೈಡನ್ನು ಯಾಕೆ ತೆಗೆದರು ಅನ್ನುವುದಕ್ಕೆ ನಿಮ್ಮ ಲೇಖನದಲ್ಲಿ ಇರುವುದು ಒಂದೇ ಸಾಲು: "ಕೆಲವರ ಮನಸ್ಸಿಗೆ ನೋವಾಯಿತಂತೆ." ಇದು ಅನ್ಯಾಯ. ಆ 'ಅಂತೆ' ಹೊಡೆದುಹಾಕಿ, ಕಾರಣ ಬರೆಯಿರಿ. ರೈಡಿನ ಮೂಲ 1946ರ 'ಸಾಂಗ್ ಆಫ್ ದಿ ಸೌತ್' ಸಿನಿಮಾ. ಅಂತರ್ಯುದ್ಧ ಮುಗಿದ ಮೇಲಿನ ಜಾರ್ಜಿಯಾದ ಒಂದು ತೋಟ. ಅಲ್ಲಿ ಕಪ್ಪು ಜನ ನಗುತ್ತಾ ಹಾಡುತ್ತಾ ಬಿಳಿಯ ಯಜಮಾನರ ಮನೆಗೆ ದುಡಿದುಕೊಂಡು ಸುಖವಾಗಿದ್ದಾರೆ. ಗುಲಾಮಗಿರಿಯ ನೆಲಕ್ಕೆ ಸಕ್ಕರೆ ಪಾಕ ಹಾಕಿ ತೋರಿಸುತ್ತಿದೆ ಎಂದು ಕಪ್ಪು ಜನರ ಹಕ್ಕುಗಳಿಗೆ ಹೋರಾಡುವ ಎನ್‌ಎಎಸಿಪಿ ಬಿಡುಗಡೆಯಾದಾಗಲೇ ತಕರಾರು ತೆಗೆದಿತ್ತು. ಅದರಲ್ಲಿ ಮೊಲದ ಕಥೆ ಹೇಳುವ ಅಂಕಲ್ ರೀಮಸ್ ಪಾತ್ರ ಮಾಡಿದ ಜೇಮ್ಸ್ ಬ್ಯಾಸ್ಕೆಟ್‌ಗೆ 1948ರಲ್ಲಿ ವಿಶೇಷ ಆಸ್ಕರ್ ಸಿಕ್ಕಿತು. ಆದರೂ ಅಮೆರಿಕದಲ್ಲಿ ಆ ಸಿನಿಮಾದ ಕ್ಯಾಸೆಟ್ಟನ್ನಾಗಲೀ ಡಿವಿಡಿಯನ್ನಾಗಲೀ ಡಿಸ್ನಿ ಯಾವತ್ತೂ ತರಲಿಲ್ಲ. ರೈಡ್ ಬದಲಿಸುತ್ತೇವೆ ಅಂತ ಘೋಷಿಸಿದ್ದು 2020ರ ಜೂನ್‌ನಲ್ಲಿ. ಕಪ್ಪು ಮನುಷ್ಯ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತು ಒಂದು ತಿಂಗಳಾಗಿತ್ತು, ಊರೂರಲ್ಲಿ ಜನ ಬೀದಿಗಿಳಿದಿದ್ದರು. ಕೆಲಸ ಅದಕ್ಕೂ ಮುಂಚೆ 2019ರಲ್ಲೇ ಶುರುವಾಗಿತ್ತು ಅಂತ ಡಿಸ್ನಿ ಹೇಳಿತು. ಇಷ್ಟನ್ನೂ ಬಿಟ್ಟರೆ ಎದುರು ಬಣದವರು ಸುಮ್ನೆ ಮುನಿಸಿಕೊಂಡವರ ಹಾಗೆ ಕಾಣುತ್ತಾರೆ. ಅವರು ಹಾಗಲ್ಲ.

ಇಲ್ಲೇ ಒಂದು ವಿಷಯ ಇದೆ. ನಿಮ್ಮ ಲೇಖನದ ಎರಡು ಬಣಗಳೂ ಅದನ್ನು ಮುಟ್ಟಿಲ್ಲ, ನನ್ನನ್ನು ಮಾತ್ರ ಅದು ಬಿಡುತ್ತಿಲ್ಲ. ಆ ಮೊಲದ ಕಥೆಗಳು ಡಿಸ್ನಿಯವಲ್ಲ, ಅವನ್ನು ಬರೆದಿಟ್ಟ ಜೋಯಲ್ ಚಾಂಡ್ಲರ್ ಹ್ಯಾರಿಸ್ ಅವರವೂ ಅಲ್ಲ. ಗುಲಾಮರಾಗಿದ್ದ ಕಪ್ಪು ಜನ ತಮ್ಮ ಮಕ್ಕಳಿಗೆ ಹೇಳುತ್ತಿದ್ದ ಕಥೆಗಳು ಅವು. ಬೇರು ಆಫ್ರಿಕಾದಲ್ಲಿದೆ. ಬಲ ಇಲ್ಲದ ಮೊಲ ಬುದ್ಧಿಯಿಂದ ಬಲಶಾಲಿಯನ್ನು ಸೋಲಿಸುವ ಕಥೆಯನ್ನು ಅವರು ಯಾಕೆ ಅಷ್ಟು ಪ್ರೀತಿಯಿಂದ ಹೇಳಿಕೊಂಡರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸಿಂಹವನ್ನು ಬಾವಿಗೆ ಹಾರಿಸಿದ ಮೊಲದ ಕಥೆ ಕೇಳಿ ಬೆಳೆದ ನಮ್ಮವರಿಗೆ ಇದು ತಟ್ಟನೆ ಮುಟ್ಟುತ್ತದೆ. ಕಥೆ ಗುಲಾಮರದು, ಅದಕ್ಕೆ ಸಿನಿಮಾ ಹಾಕಿದ ಚೌಕಟ್ಟು ಯಜಮಾನರದು. ಚೌಕಟ್ಟು ಕೆಟ್ಟದ್ದು ಅಂತ ತೆಗೆದಾಗ ಒಳಗಿದ್ದ ಮೊಲವೂ ಹೋಯಿತು. ಟಿಯಾನಾ ಬಂದದ್ದು ಒಳ್ಳೆಯದೇ, ಮೊಲ ಹೋದದ್ದು ನಷ್ಟವೇ. ಎರಡೂ ನಿಜ. ನಿಮ್ಮ ಲೇಖನ ಇಲ್ಲಿ ನಿಂತು ಯೋಚಿಸಿದರೆ ನಾನು ಅದನ್ನು ಮೊದಲ ಪುಟಕ್ಕೇ ಹಾಕುತ್ತೇನೆ.

"ಮೂಲ ರೂಪವನ್ನು ಮುಟ್ಟಬಾರದಿತ್ತು" ಅಂತ ಮತ್ತೆ ಮತ್ತೆ ಬರೆದಿದ್ದೀರಿ. ಯಾವ ಮೂಲ? ಡಿಸ್ನಿಲ್ಯಾಂಡ್‌ನಲ್ಲಿ 1974ರಿಂದ 1988ರವರೆಗೆ 'ಅಮೆರಿಕ ಸಿಂಗ್ಸ್' ಎಂಬ ಆಟ ಇತ್ತು. ಪ್ರಾಣಿಗೊಂಬೆಗಳು ಹಳೇ ಹಾಡು ಹಾಡುತ್ತಿದ್ದವು. ಅದನ್ನು ಮುಚ್ಚಿ ಅಲ್ಲಿದ್ದ ಗೊಂಬೆಗಳನ್ನೇ ಸ್ಪ್ಲಾಷ್ ಮೌಂಟನ್‌ಗೆ ತಂದು ಕೂರಿಸಿದರು. ಎರಡು ಹೆಬ್ಬಾತು ಗೊಂಬೆಗಳ ಮೈಮೇಲಿನ ಚರ್ಮ ಗರಿ ತೆಗೆದು ಇನ್ನೊಂದು ರೈಡಿಗೆ ರೋಬಾಟ್ ಮಾಡಿದ್ದರು. ಅಂದರೆ ನೀವು ಮೂಲ ಅಂತ ಹಿಡಿದುಕೊಂಡಿರುವ ರೈಡಿನ ಕೆಳಗೂ ಯಾರದೋ ಬಾಲ್ಯ ಇತ್ತು. ಇದರಿಂದ ನಿಮ್ಮ ದುಃಖ ಸುಳ್ಳಾಗುವುದಿಲ್ಲ. ಆದರೆ ವಾದ ಬದಲಾಗಬೇಕಾಗುತ್ತದೆ. ಡಿಸ್ನಿಲ್ಯಾಂಡ್ ಎಂದೂ ಮುಗಿಯದ ಕೆಲಸ ಅಂತ ವಾಲ್ಟ್ ಡಿಸ್ನಿ ತಾವೇ ಹೇಳುತ್ತಿದ್ದರು. ಎದುರು ಬಣದವರು ಈ ಮಾತನ್ನೇ ಎತ್ತುತ್ತಾರೆ. ಅದಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು, ಅಲ್ವಾ?

ಆರನೇ ಪುಟದಿಂದ ನೀವು ಬೇರೆ ಬೇರೆ ರೈಡುಗಳ ಪಟ್ಟಿ ಕೊಟ್ಟು ಎಲ್ಲವನ್ನೂ "ಸಿನಿಮಾ ನುಂಗಿತು" ಅಂತ ಒಂದೇ ಗಾಣಕ್ಕೆ ಕಟ್ಟಿದ್ದೀರಿ. ಅವು ಒಂದೇ ಥರದವಲ್ಲ. ಪೈರೇಟ್ಸ್ ಆಫ್ ದಿ ಕ್ಯಾರಿಬಿಯನ್ ನೋಡಿ. 1967ರ ರೈಡ್. ವಾಲ್ಟ್ ಡಿಸ್ನಿ ಖುದ್ದು ನಿಂತು ಮಾಡಿಸಿದ್ದು, ಅದು ತೆರೆಯುವ ಮೂರು ತಿಂಗಳ ಮುಂಚೆ ತೀರಿಕೊಂಡರು. ಆ ರೈಡಿನಿಂದ 2003ರಲ್ಲಿ ಸಿನಿಮಾ ಹುಟ್ಟಿತು. 2006ರಲ್ಲಿ ಸಿನಿಮಾದ ಜ್ಯಾಕ್ ಸ್ಪ್ಯಾರೋ ವಾಪಸ್ ರೈಡಿನೊಳಗೆ ಬಂದು ಪೀಪಾಯಿಯಿಂದ ಇಣುಕಿದ. ಅಲ್ಲಿ ಪಾತ್ರ ಸೇರಿತು, ರೈಡ್ ಉಳಿಯಿತು.

ಫ್ಲಾರಿಡಾದಲ್ಲಿರುವ ಡಿಸ್ನಿಯ ಇನ್ನೊಂದು ಪಾರ್ಕು ಎಪ್‌ಕಾಟ್‌ನ ನಾರ್ವೆ ಅಂಗಳದ್ದು ಬೇರೆಯೇ ಕಥೆ. ಅಲ್ಲಿನ ಮೇಲ್‌ಸ್ಟ್ರಾಮ್ ರೈಡಿನಲ್ಲಿ ವೈಕಿಂಗರು, ಟ್ರಾಲ್ ಭೂತಗಳು, ಸಮುದ್ರದ ನಡುವಿನ ಎಣ್ಣೆ ಬಾವಿ, ಎಲ್ಲ ಇತ್ತು. 2014ರಲ್ಲಿ ಮುಚ್ಚಿದರು, 2016ರಲ್ಲಿ ಅದೇ ಕಾಲುವೆಯಲ್ಲಿ ಫ್ರೋಜನ್ ಸಿನಿಮಾದ ರೈಡ್ ಬಂತು. ನಿಜವಾದ ದೇಶದ ಅಂಗಳದಲ್ಲಿ ಕಟ್ಟುಕಥೆಯ ಊರು ಬಂದು ಕೂತಿತು. ದೇಶ ದೇಶಗಳನ್ನು ತೋರಿಸಲೆಂದೇ ಕಟ್ಟಿದ ಜಾಗ ಅದು, ಹಾಗಾಗಿ ಅಭಿಮಾನಿಗಳ ಸಿಟ್ಟಿನಲ್ಲಿ ನ್ಯಾಯ ಇದೆ ಅಂತ ನನಗೆ ಅನ್ನಿಸುತ್ತದೆ. ಆದರೆ ಮಕ್ಕಳನ್ನು ಕರೆದುಕೊಂಡು ಬಂದವರು ಗಂಟೆಗಟ್ಟಲೆ ಕ್ಯೂ ನಿಂತದ್ದು ಆ ಹೊಸದಕ್ಕೇ. ಹಾಳು ಹೋಟೆಲಿನ ಲಿಫ್ಟು ಬೀಳುವ ಕ್ಯಾಲಿಫೋರ್ನಿಯಾದ ಟವರ್ ಆಫ್ ಟೆರರ್ ರೈಡ್ 2017ರಲ್ಲಿ ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ ಸಿನಿಮಾದ ರೈಡ್ ಆದಾಗ ಬೈದವರು ಬಹಳ. ಆ ಹೋಟೆಲಿನ ಮೈಗೆ ಪೈಪು ಸುತ್ತಿ ಕೆಡಿಸಿದರು ಅಂದರು. ಆದರೆ ಒಳಗೆ ಲಿಫ್ಟು ಹಾಡಿನ ತಾಳಕ್ಕೆ ಏರಿ ಬೀಳುವುದು, ಪ್ರತಿ ಹಾಡಿಗೂ ಬೀಳುವ ಲೆಕ್ಕವೇ ಬೇರೆ ಇರುವುದು, ಇದು ಬೈದವರಲ್ಲೇ ಅನೇಕರಿಗೆ ಹಿಡಿಸಿತು. ಹೊಸ ಕಥೆಯೂ ಆ ಯಂತ್ರಕ್ಕೆ ಒಗ್ಗಿತು ಅಂತ ಅರ್ಥ.

ನಿಮ್ಮ ಪಟ್ಟಿಯಲ್ಲಿ ಯಂತ್ರದ ಹಕ್ಕಿಗಳು ಹಾಡುವ ಟಿಕಿ ರೂಮ್ ಇಲ್ಲ. ಅದು ಬೇಕೇ ಬೇಕು. 1998ರಲ್ಲಿ ಫ್ಲಾರಿಡಾದ ಆ ಹಕ್ಕಿಗಳ ಪ್ರದರ್ಶನಕ್ಕೆ ಸಿನಿಮಾದ ಎರಡು ಹಕ್ಕಿಗಳನ್ನು, ಅಲಾದೀನ್‌ನ ಇಯಾಗೋ ಮತ್ತು ಲಯನ್ ಕಿಂಗ್‌ನ ಜಾಜೂವನ್ನು ಯಜಮಾನರನ್ನಾಗಿ ತಂದು ಕೂರಿಸಿದರು. ಹಳಬರಿಗೆ ಅದು ಮುಳ್ಳಾಗಿತ್ತು. 2011ರಲ್ಲಿ ಅಲ್ಲಿ ಬೆಂಕಿ ಹತ್ತಿಕೊಂಡಿತು. ರಿಪೇರಿ ಮಾಡಿ ತೆರೆದಾಗ ಸಿನಿಮಾ ಹಕ್ಕಿಗಳು ಹೋಗಿದ್ದವು, ಹಳೇ ಪ್ರದರ್ಶನವೇ ವಾಪಸ್ ಬಂದಿತ್ತು. ಹೋದದ್ದು ಮತ್ತೆ ಬರುವುದಿಲ್ಲ ಅನ್ನುವ ನಿಮ್ಮ ಕೊನೇ ಪ್ಯಾರಾಕ್ಕೆ ಇದೊಂದೇ ಸಾಕು ಉತ್ತರವಾಗಿ. ಆ ಪ್ಯಾರಾ ತೆಗೆಯಿರಿ.

ಹಳೇ ಕನ್ನಡ ಹಾಡುಗಳ ರೀಮಿಕ್ಸ್ ಬಗ್ಗೆ ಬರೆದ ಅರ್ಧ ಪುಟವನ್ನೂ ತೆಗೆಯಿರಿ. ಓದುಗರಿಗೆ ಹತ್ತಿರವಾಗಲಿ ಅಂತ ಹಾಕಿದ್ದೀರಿ, ಗೊತ್ತಾಗುತ್ತದೆ. ಅದರಿಂದ ದೋಣಿ ನಿಂತುಹೋಗುತ್ತದೆ, ಅಷ್ಟೇ. ಹತ್ತಿರವಾಗಲು ಮೊಲದ ಕಥೆ ಸಾಕು.

ಜನರ ಮಾತಿನ ಬಗ್ಗೆ ಒಂದು ಸೂಚನೆ. ನಿಮ್ಮಲ್ಲಿ "ಕೆಲವರು ಹೇಳುತ್ತಾರೆ", "ಇನ್ನು ಕೆಲವರ ಪ್ರಕಾರ", "ಲಕ್ಷಾಂತರ ಹೃದಯಗಳು ಒಡೆದವು" ತುಂಬಿಕೊಂಡಿದೆ. ಇವುಗಳಲ್ಲಿ ಒಬ್ಬ ಮನುಷ್ಯನೂ ಕಾಣುವುದಿಲ್ಲ. ಆದರೆ ನಾಲ್ಕನೇ ಪುಟದ ಅಡಿಯಲ್ಲಿ, ಆವರಣದೊಳಗೆ, ಒಂದು ಚಿನ್ನದಂಥ ಸಂಗತಿ ಇಟ್ಟಿದ್ದೀರಿ. ಫ್ಲಾರಿಡಾದ ರೈಡ್ ಮುಚ್ಚಿದ ಹೊತ್ತಿನಲ್ಲಿ ಅದರ ಕಾಲುವೆಯ ನೀರು ಅಂತ ಜಾಡಿಗಳಲ್ಲಿ ತುಂಬಿ ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟಕ್ಕಿಟ್ಟರಲ್ಲ, ಅದು. ಆವರಣದಿಂದ ಹೊರಗೆ ತನ್ನಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಕ್ಲೋರಿನ್ ನೀರನ್ನು ಜಾಡಿಯಲ್ಲಿ ತುಂಬಿ ಮಾರುವಷ್ಟು, ಅದಕ್ಕೆ ದುಡ್ಡು ಕೊಡುವವರಿದ್ದಾರೆ ಅಂತ ನಂಬುವಷ್ಟು ಆ ರೈಡಿನಲ್ಲಿ ಏನಿತ್ತು ಅಂತ ಓದುಗ ಕೇಳುತ್ತಾನೆ. ಆಗ ಅವನನ್ನು ದೋಣಿ ಹತ್ತಿಸಿ.

ಹೊಸದರ ಪರ ಇರುವವರನ್ನೂ ಮಾತಾಡಿಸಿ. ನೀವು ಇರುವ ಕಡೆ ಅವರಿಗೇನೂ ಕೊರತೆ ಇಲ್ಲ. ತನ್ನ ಬಣ್ಣದ ರಾಜಕುಮಾರಿ ಆ ಗುಡ್ಡದ ಒಡತಿಯಾಗಿರುವುದನ್ನು ನೋಡಿದ ಹುಡುಗಿಯ ತಾಯಿ ಏನು ಹೇಳುತ್ತಾಳೆ? ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ. ನೀವು ಹಳೇ ರೈಡಿನ ಕಡೆಯೇ ಇರಿ, ನನ್ನ ಅಭ್ಯಂತರ ಇಲ್ಲ. ಎದುರಿನವರ ಮಾತನ್ನು ಪೂರ್ತಿ ಕೇಳಿಸಿ ಆಮೇಲೆ ನಿಮ್ಮದನ್ನು ಹೇಳಿ.

ಶೀರ್ಷಿಕೆ ಬದಲಾಗಬೇಕು. 'ಬಾಲ್ಯಕ್ಕೆ ಬೀಗ' ಯಾವ ಲೇಖನಕ್ಕಾದರೂ ಹೊಂದುತ್ತದೆ. ಮೊಲ, ಮುಳ್ಳುಪೊದೆ, ಇವೆರಡರಲ್ಲಿ ಒಂದಾದರೂ ಶೀರ್ಷಿಕೆಯಲ್ಲಿ ಬರಲಿ. ಉದ್ದ ಜಾಸ್ತಿಯಾಯಿತು, 1800 ಪದ ದಾಟಬೇಡಿ. ಟೋಕಿಯೋ ಡಿಸ್ನಿಲ್ಯಾಂಡ್ ಬಗ್ಗೆ ಒಂದು ಪ್ಯಾರಾ ಸೇರಿಸಿ. ಅಲ್ಲಿನ ಪಾರ್ಕು ಬೇರೆ ಕಂಪನಿಯದು, ಅಮೆರಿಕದಲ್ಲಿ ಎರಡನ್ನೂ ಮುಚ್ಚಿದ ಮೇಲೂ ಅಲ್ಲಿ ಸ್ಪ್ಲಾಷ್ ಮೌಂಟನ್ ಓಡುತ್ತಲೇ ಇತ್ತು. ಜಪಾನಿನ ಮಕ್ಕಳು ಜಾರ್ಜಿಯಾದ ತೋಟದ ಇತಿಹಾಸ ಗೊತ್ತಿಲ್ಲದೆ ಆ ಮೊಲದ ಜೊತೆ ಬೀಳುತ್ತಾರೆ, ನಗುತ್ತಾರೆ. ಇದರ ಬಗ್ಗೆ ನಿಮಗೆ ಏನನ್ನಿಸುತ್ತದೆ ಅಂತ ನನಗೆ ತಿಳಿಯಬೇಕು.

ತಿದ್ದಿದ ಪ್ರತಿ ಬರುವ ತಿಂಗಳ 10ರೊಳಗೆ ಕಳಿಸಿ. ಫೋಟೋ ಇದ್ದರೆ ಗುಡ್ಡದ್ದು ಬೇಡ, ಕ್ಯೂನಲ್ಲಿ ನಿಂತವರದು ಕಳಿಸಿ.

ಸಂಪಾದಕ