ಕಂಪ್ಯೂಟರ್ ಪ್ರಶ್ನೋತ್ತರ: ಶೇರ್ ಮಾಡಿದ ಪ್ರಿಂಟರ್ ಕನೆಕ್ಟ್ ಆಗದಿದ್ದರೆ

ಪ್ರಶ್ನೆ: ಒಂದು ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿದ ಪ್ರಿಂಟರನ್ನು ಶೇರ್ ಮಾಡಿದ್ದೇವೆ. ಇನ್ನೊಂದು ಕಂಪ್ಯೂಟರಿನಿಂದ ಕನೆಕ್ಟ್ ಮಾಡಲು ಹೋದರೆ, ಕೊನೆಯಲ್ಲಿ 11ಬಿ ಎಂದಿರುವ ಎರರ್ ಕೋಡ್ ಬರುತ್ತದೆ. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಒಂದು ವ್ಯಾಲ್ಯೂವನ್ನು ಸೊನ್ನೆ ಮಾಡಿದರೆ ಸರಿಹೋಗುತ್ತದಂತೆ. ಮಾಡಬಹುದೇ?

ಉತ್ತರ: ದಯವಿಟ್ಟು ಮಾಡಬೇಡಿ. ಪ್ರಿಂಟ್ ಬರುತ್ತದೆ, ನಿಜ. ಆದರೆ ಆ ವ್ಯಾಲ್ಯೂ, ಪ್ರಿಂಟ್ ಸ್ಪೂಲರ್‌ನ (ಪ್ರಿಂಟ್ ಕೆಲಸಗಳನ್ನು ಸರದಿಯಲ್ಲಿ ನಡೆಸುವ ವಿಂಡೋಸ್ ಭಾಗ) ಭದ್ರತಾ ಲೋಪವೊಂದನ್ನು ತಡೆಯಲು ಮೈಕ್ರೋಸಾಫ್ಟ್ ತಂದ ರಕ್ಷಣೆ. 2021ರ ಸೆಪ್ಟೆಂಬರ್ ಅಪ್‌ಡೇಟ್‌ನಿಂದ ತಾನಾಗಿಯೇ ಆನ್ ಆಗಿರುತ್ತದೆ. ಅದನ್ನು ತೆಗೆಯಬೇಕಾದದ್ದು ಪ್ರಿಂಟರ್ ಇರುವ ಕಂಪ್ಯೂಟರಿನಲ್ಲಿ. ಹಾಗಾಗಿ ನಿಮ್ಮೊಬ್ಬರಿಗಷ್ಟೇ ಅಲ್ಲ, ನೆಟ್‌ವರ್ಕ್‌ನಲ್ಲಿರುವ ಎಲ್ಲರಿಗೂ ಬಾಗಿಲು ತೆರೆದ ಹಾಗಾಗುತ್ತದೆ.

ಸಾಮಾನ್ಯವಾಗಿ ಒಂದು ಕಂಪ್ಯೂಟರ್ ಅಪ್‌ಡೇಟ್ ಆಗಿ, ಇನ್ನೊಂದು ಹಿಂದುಳಿದಾಗ ಈ ಎರರ್ ಬರುತ್ತದೆ. ಮೊದಲು ಎರಡಕ್ಕೂ ಬಾಕಿ ಅಪ್‌ಡೇಟ್ ಹಾಕಿ, ಎರಡನ್ನೂ ರೀಸ್ಟಾರ್ಟ್ ಮಾಡಿ.

ಹಳೆಯ ವಿಂಡೋಸ್ ಆಗಿದ್ದು ಅಪ್‌ಡೇಟ್ ಸಿಗದಿದ್ದರೆ ಬಳಸು ದಾರಿಯೊಂದಿದೆ. ಕನೆಕ್ಟ್ ಆಗಬೇಕಾದ ಕಂಪ್ಯೂಟರಿನಲ್ಲಿ ಪ್ರಿಂಟರ್ ಸೇರಿಸುವಾಗ ಮ್ಯಾನ್ಯುಯಲ್ ಸೆಟ್ಟಿಂಗ್ಸ್ ಆರಿಸಿ, ಹೊಸ ಪೋರ್ಟ್‌ಗೆ ‘ಲೋಕಲ್ ಪೋರ್ಟ್’ ಎಂದು ಕೊಡಿ. ಪೋರ್ಟ್‌ನ ಹೆಸರಿನ ಜಾಗದಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್, ಪ್ರಿಂಟರ್ ಇರುವ ಕಂಪ್ಯೂಟರಿನ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಶೇರ್ ಹೆಸರು (ಪ್ರಿಂಟರ್ ಶೇರ್ ಮಾಡುವಾಗ ಕೊಟ್ಟ ಹೆಸರು), ಹೀಗೆ ಬರೆಯಿರಿ. ಆಮೇಲೆ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಇಲ್ಲೇ ಇನ್‌ಸ್ಟಾಲ್ ಮಾಡಿ. ಶೇರ್ ಹೆಸರಿನಲ್ಲಿ ಸ್ಪೇಸ್ ಇಲ್ಲದಿದ್ದರೆ ಒಳ್ಳೆಯದು. ‘ಆಕ್ಸೆಸ್ ಡಿನೈಡ್’ ಬಂದರೆ, ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಆ ಕಂಪ್ಯೂಟರನ್ನು ಒಮ್ಮೆ ತೆರೆದು, ಪಾಸ್‌ವರ್ಡ್ ಕೊಟ್ಟು ಬಂದು ಮತ್ತೆ ಮಾಡಿ. ಈ ದಾರಿಯಲ್ಲಿ ಇಂಕ್ ಎಷ್ಟಿದೆ ಎಂಬಂಥ ವಿವರ ಸಾಮಾನ್ಯವಾಗಿ ಕಾಣುವುದಿಲ್ಲ. ಪ್ರಿಂಟ್‌ಗೆ ಅಡ್ಡಿಯಿಲ್ಲ.

ಕೋಡ್‌ನ ಕೊನೆಯಲ್ಲಿ 709 ಎಂದಿದ್ದರೆ ಕಾರಣ ಬೇರೆ. ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಪ್ರಿಂಟರ್ ಸಂಪರ್ಕ ‘ನೇಮ್ಡ್ ಪೈಪ್ಸ್’ ಎಂಬ ಹಳೆಯ ವಿಧಾನ ಬಿಟ್ಟು, ಟಿಸಿಪಿ ಎಂಬ ಇನ್ನೊಂದು ನೆಟ್‌ವರ್ಕ್ ವಿಧಾನದ ಮೂಲಕ ನಡೆಯುತ್ತದೆ. ಹಳೆಯ ಕಂಪ್ಯೂಟರ್ ಅಥವಾ ಫೈರ್‌ವಾಲ್ ಅದಕ್ಕೆ ಒಗ್ಗದೇ ಹೋಗಬಹುದು. ವಿಂಡೋಸ್ ಪ್ರೊ ಆವೃತ್ತಿಯಿದ್ದರೆ, ಕನೆಕ್ಟ್ ಆಗಬೇಕಾದ ಕಂಪ್ಯೂಟರಿನಲ್ಲಿ ಗ್ರೂಪ್ ಪಾಲಿಸಿಯ (ವಿಂಡೋಸ್ ನಡೆಯುವ ನಿಯಮಗಳನ್ನು ಬದಲಿಸುವ ಟೂಲ್) ‘ಪ್ರಿಂಟರ್ಸ್’ ವಿಭಾಗದಲ್ಲಿ ಆರ್‌ಪಿಸಿ ಕನೆಕ್ಷನ್ ಸೆಟ್ಟಿಂಗ್ಸ್ ತೆರೆದು, ಹೊರಹೋಗುವ ಸಂಪರ್ಕಕ್ಕೆ ನೇಮ್ಡ್ ಪೈಪ್ಸ್ ಆರಿಸಿ.

ಪ್ರಶ್ನೆ: ಶೇರ್ ಪ್ರಿಂಟರಿಗೆ ಕನೆಕ್ಟ್ ಮಾಡುವಾಗ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ದಿನವೂ ಲಾಗಿನ್‌ಗೆ ಬಳಸುವ ನಾಲ್ಕಂಕಿಯ ಪಿನ್ ಹಾಕಿದರೆ ತಪ್ಪು ಎನ್ನುತ್ತದೆ.

ಉತ್ತರ: ಪಿನ್ ಆ ಒಂದು ಕಂಪ್ಯೂಟರಿಗಷ್ಟೇ ಸೀಮಿತ, ನೆಟ್‌ವರ್ಕ್‌ನಲ್ಲಿ ನಡೆಯುವುದಿಲ್ಲ. ಪಾಸ್‌ವರ್ಡ್ ಇಲ್ಲದ ಅಕೌಂಟನ್ನೂ ವಿಂಡೋಸ್ ದೂರದಿಂದ ಒಳಬಿಡುವುದಿಲ್ಲ. ಪ್ರಿಂಟರ್ ಇರುವ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಇರುವ ಲೋಕಲ್ ಅಕೌಂಟ್ ಒಂದನ್ನು ಮಾಡಿ; ಅದಕ್ಕೆ ಅಡ್ಮಿನ್ ಅಧಿಕಾರ ಬೇಡ. ಇನ್ನೊಂದರಲ್ಲಿ ಉಳಿಸಿದ ಪಾಸ್‌ವರ್ಡ್‌ಗಳಿರುವ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆದು, ವಿಂಡೋಸ್ ಕ್ರೆಡೆನ್ಷಿಯಲ್ಸ್‌ನಲ್ಲಿ ಆ ಕಂಪ್ಯೂಟರಿನ ಹೆಸರಿಗಿರುವ ಹಳೆಯ ನಮೂದು ಅಳಿಸಿ. ಹಲವರು ಮರೆಯುವುದು ಇದನ್ನೇ: ಹಿಂದೆ ಉಳಿಸಿದ ತಪ್ಪು ಪಾಸ್‌ವರ್ಡನ್ನೇ ವಿಂಡೋಸ್ ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಹೊಸದನ್ನು ಸೇರಿಸುವಾಗ ಯೂಸರ್‌ನೇಮ್ ಜಾಗದಲ್ಲಿ ಮೊದಲು ಪ್ರಿಂಟರ್ ಇರುವ ಕಂಪ್ಯೂಟರಿನ ಹೆಸರು, ಬ್ಯಾಕ್‌ಸ್ಲ್ಯಾಶ್, ನಂತರ ಅಕೌಂಟ್ ಹೆಸರು ಬರೆಯಿರಿ.

ಪ್ರಶ್ನೆ: ಬೆಳಿಗ್ಗೆ ಸರಿಯಿದ್ದ ಶೇರ್ ಪ್ರಿಂಟರ್ ಮಧ್ಯಾಹ್ನ ‘ಆಫ್‌ಲೈನ್’ ಎನ್ನುತ್ತದೆ.

ಉತ್ತರ: ಪ್ರಿಂಟರ್ ಇರುವ ಕಂಪ್ಯೂಟರ್ ಸ್ಲೀಪ್‌ಗೆ ಹೋಗಿರಬೇಕು. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನು ‘ನೆವರ್’ ಮಾಡಿ. ಸ್ಕ್ರೀನ್ ಆರಿದರೆ ತೊಂದರೆಯಿಲ್ಲ. ಆಗಲೂ ಆಫ್‌ಲೈನ್ ಎಂದರೆ ಅಲ್ಲಿನ ನೆಟ್‌ವರ್ಕ್ ಪ್ರೊಫೈಲ್ ‘ಪಬ್ಲಿಕ್’ ಆಗಿದೆಯೇ ನೋಡಿ, ‘ಪ್ರೈವೇಟ್’ಗೆ ಬದಲಿಸಿ.