ಕಾಪರ್-ಟಿ ಹಾಕಿಸಿಕೊಂಡರೆ ನಮಾಝ್ ಕೂಡುವುದಿಲ್ಲವೇ?

"ಎರಡನೇ ಹೆರಿಗೆ ಆದಮೇಲೆ ಕಾಪರ್-ಟಿ ಹಾಕಿಸೋಣ ಅಂದರೆ ಹಿರಿಯರು ಅದು ಹರಾಂ, ಅದಿದ್ದರೆ ಗುಸುಲ್ (ಶುದ್ಧಿಸ್ನಾನ) ಆಗಲ್ಲ, ನಮಾಝೂ ಕೂಡಲ್ಲ ಅಂತಾರೆ. ನಿಜವೇ?" ಎಂದು ಕೇಳಿದ್ದೀರಿ. ಮೊದಲೆರಡು ಮಾತು ನಿಲ್ಲುವುದಿಲ್ಲ. ಮೂರನೆಯದೂ ತಪ್ಪೇ, ಆದರೆ ಅದರ ಹಿಂದೆ ನಿಜವಾದ ತೊಡಕೊಂದಿದೆ.

ಕುರ್‌ಆನ್ ಅವತೀರ್ಣವಾಗುತ್ತಿದ್ದ ಕಾಲದಲ್ಲೇ ನಾವು ಅಝ್ಲ್ (ವೀರ್ಯವನ್ನು ಹೊರಗೆ ಬಿಡುವುದು) ಮಾಡುತ್ತಿದ್ದೆವು ಎಂಬ, ಪ್ರವಾದಿಯವರ ಸಂಗಾತಿ ಜಾಬಿರ್ ಅವರ ಹದೀಸ್ ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಅದನ್ನು ಗುಟ್ಟಿನ ಶಿಶುಹತ್ಯೆ ಎನ್ನುವ ಇನ್ನೊಂದು ಹದೀಸ್ ಹಿಡಿದು ಪಂಡಿತ ಇಬ್ನ್ ಹಝ್ಮ್ ನಿಷೇಧ ಹೇಳಿದರು. ನಾಲ್ಕು ಮದ್‌ಹಬ್‌ಗಳ (ಧರ್ಮಶಾಸ್ತ್ರದ ಪಂಥಗಳು; ಹನಫಿ, ಶಾಫಿ ಅವುಗಳಲ್ಲಿ ಎರಡು) ಬಹುಪಾಲು ಪಂಡಿತರು ಹಾಗೆ ಹೇಳಲಿಲ್ಲ. 1111ರಲ್ಲಿ ತೀರಿಕೊಂಡ ಪಂಡಿತ ಗಝಾಲಿಯಂತೂ ಹೆಂಡತಿಯ ಚೆಲುವು ಕೆಡದಿರಲಿ ಎಂಬ ಕಾರಣವನ್ನೂ ಒಪ್ಪಿದರು. ಹೆಣ್ಣು ಹುಟ್ಟೀತೆಂಬ ಭಯವನ್ನು ಒಪ್ಪಲಿಲ್ಲ. ತಾತ್ಕಾಲಿಕ ವಿಧಾನಗಳಿಗೆ ಇದೇ ಆಧಾರ. ಶಾಶ್ವತ ಆಪರೇಷನ್‌ಗೆ ಮಾತ್ರ ಆರೋಗ್ಯದ ಕಾರಣ ಬೇಕು ಎನ್ನುವವರೇ ಹೆಚ್ಚು.

ಗುಸುಲ್‌ಗೆ ನೀರು ಮುಟ್ಟಬೇಕಾದದ್ದು ಹೊರಮೈಗೆ. ಶಾಫಿಗಳು ಕುಕ್ಕರಗಾಲಲ್ಲಿ ಕೂತಾಗ ಕಾಣುವ ಭಾಗವನ್ನೂ ಸೇರಿಸುತ್ತಾರೆ, ಅಷ್ಟೆ. ಕಾಪರ್-ಟಿ ಇರುವುದು ಗರ್ಭಕೋಶದಲ್ಲಿ, ಅದರ ದಾರವೂ ಒಳಗೇ.

ತೊಡಕು ರಕ್ತಸ್ರಾವದ್ದು. ಹಾಕಿಸಿದ ಮೊದಲ ಮೂರರಿಂದ ಆರು ತಿಂಗಳು ಮುಟ್ಟು ಹೆಚ್ಚು ದಿನ ಹೋಗಬಹುದು, ನಡುನಡುವೆ ಕಲೆಯೂ ಕಾಣಬಹುದು. ಯಾವುದು ಹೈಝ್ (ನಮಾಝ್ ಬಿಡಬೇಕಾದ ಮುಟ್ಟು; ಕರಾವಳಿಯವರ ಬಾಯಲ್ಲಿ ಹೈಳ್), ಯಾವುದು ಇಸ್ತಿಹಾಝಾ (ಮುಟ್ಟಲ್ಲದ ರಕ್ತಸ್ರಾವ) ಎಂಬ ಲೆಕ್ಕ ತಪ್ಪುವುದು ಇಲ್ಲಿ. ಹನಫಿಗಳಿಗೆ ಹೈಝ್ ಕನಿಷ್ಠ 3 ದಿನ, ಗರಿಷ್ಠ 10. ಶಾಫಿಗಳಿಗೆ ಕನಿಷ್ಠ ಒಂದು ಹಗಲು-ರಾತ್ರಿ, ಗರಿಷ್ಠ 15. ಎರಡು ಹೈಝ್ ನಡುವೆ ಕನಿಷ್ಠ 15 ದಿನ ಶುದ್ಧಿ ಇರಬೇಕೆಂಬುದು ಇಬ್ಬರಿಗೂ ಒಂದೇ.

ನಿಮ್ಮ ವಾಡಿಕೆ 6 ದಿನ, ಈ ಸಲ 12 ದಿನ ಹೋಯಿತು ಎನ್ನಿ. ಹನಫಿಯಾದರೆ 10 ದಾಟಿದ ಕೂಡಲೇ ಲೆಕ್ಕ ವಾಡಿಕೆಗೆ ಮರಳುತ್ತದೆ: 6 ದಿನ ಹೈಝ್, ಉಳಿದ 6 ಇಸ್ತಿಹಾಝಾ. ಏಳನೇ ದಿನದಿಂದ ಬಿಟ್ಟ ನಮಾಝ್ ಖಝಾ ಮಾಡಬೇಕು (ಆಮೇಲೆ ಪೂರೈಸಬೇಕು). ಹತ್ತನೇ ದಿನದೊಳಗೇ ನಿಂತಿದ್ದರೆ ಅಷ್ಟೂ ಹೈಝ್, ಖಝಾ ಇಲ್ಲ. ಶಾಫಿಯಾದರೆ ಆ 12 ದಿನವೂ ಹೈಝೇ. ಕರಾವಳಿಯ ಬ್ಯಾರಿ, ನವಾಯತರು ಶಾಫಿಗಳು. ದಖ್ಖನಿ ಮಾತಾಡುವವರು ಬಹುತೇಕ ಹನಫಿಗಳು. ಹಾಗಾಗಿ ಮಂಗಳೂರಿನ ಗೆಳತಿಯ ಲೆಕ್ಕ ಕಲಬುರಗಿಯವರಿಗೆ ಹೊಂದದು. ವಾಡಿಕೆ ಎಷ್ಟೆಂದು ಗೊತ್ತಿಲ್ಲದೆ ಲೆಕ್ಕ ಕೂರುವುದೇ ಇಲ್ಲ. ಹಾಕಿಸುವ ಮೊದಲೇ ಎರಡು ಮೂರು ತಿಂಗಳು ಮುಟ್ಟಿನ ತಾರೀಖು ಬರೆದಿಡಿ.

ಇಸ್ತಿಹಾಝಾ ಎಂದು ತಿಳಿದ ಮೇಲೆ ಗುಸುಲ್ ಮಾಡಿ ನಮಾಝ್ ಶುರು ಮಾಡಬೇಕು, ರೋಝಾ (ಉಪವಾಸ) ಹಿಡಿಯಬೇಕು. ಗಂಡ-ಹೆಂಡಿರು ಕೂಡುವುದಕ್ಕೂ ಈ ಎರಡು ಮದ್‌ಹಬ್‌ಗಳಲ್ಲಿ ತಡೆಯಿಲ್ಲ. ನಮಾಝಿನ ವೇಳೆ ಆದಮೇಲೆ ತೊಳೆದು, ಪ್ಯಾಡ್ ಇಟ್ಟು ವುಝೂ (ನಮಾಝಿಗೆ ಮುಂಚಿನ ಅಂಗಶುದ್ಧಿ) ಮಾಡಿ. ಹನಫಿಗೆ ಆ ವೇಳೆ ಮುಗಿಯುವವರೆಗೆ ಒಂದು ವುಝೂ ಸಾಕು. ಶಾಫಿಗೆ ಪ್ರತಿ ಫರ್ಝ್‌ಗೂ (ಕಡ್ಡಾಯ ನಮಾಝ್) ಹೊಸದು, ಮಾಡಿದ ಮೇಲೆ ತಡ ಮಾಡುವಂತಿಲ್ಲ. ರಕ್ತಸ್ರಾವ ಶಾಫಿ ಲೆಕ್ಕದ 15 ದಿನವನ್ನೂ ದಾಟಿದರೆ ಬಣ್ಣ, ವಾಡಿಕೆ ಎರಡೂ ಲೆಕ್ಕಕ್ಕೆ ಬರುತ್ತವೆ. ಆಗ ಬರೆದಿಟ್ಟ ತಾರೀಖುಗಳೊಂದಿಗೆ ನಿಮ್ಮ ಮದ್‌ಹಬ್‌ನ ಆಲಿಮರನ್ನು (ಧರ್ಮಪಂಡಿತರನ್ನು) ಕೇಳಿ. ಅದಕ್ಕೂ ಮೊದಲು ಡಾಕ್ಟರಿಗೆ ತೋರಿಸಿ, ಕಾಪರ್-ಟಿ ಜಾರಿರಲೂಬಹುದು.